ಹಿಂಬದಿಯ ಸ್ಪ್ರಿಂಗು

ಕಡೂರು, ಅಜ್ಜಂಪುರಗಳ ನಡುವೆ ಮಡದಿಯನ್ನೂ ತೆಂಗಿನಕಾಯಿಯ ಚೀಲವನ್ನೂ ಒಂದೇ ಬೈಕಿನ ಮೇಲೇರಿಸಿ ಸಾಗುವ ಗೃಹಸ್ಥರನ್ನು ನಾವು ಕಾಣುತ್ತಲೇ ಇದ್ದೇವೆ. ಹಿಂಬದಿ ಕುಸಿದು ದೀಪದ ಬೆಳಕು ಎದುರಿನವರ ಕಣ್ಣು ಕುಕ್ಕುತ್ತದೆ; ಗುಂಡಿ ಬಂದರೆ ಹಿಂದೆ ಕುಳಿತಾಕೆಯ ಬೆನ್ನಿಗೇ ಪೆಟ್ಟು. ಎರಡು ಶಾಕ್ ಅಬ್ಸಾರ್ಬರುಗಳುಳ್ಳ ಬೈಕುಗಳಲ್ಲಿ ಸಾಮಾನ್ಯವಾಗಿ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲುಗಳಿರುವ ಬಳೆಯೊಂದುಂಟು. ಹಲವುಗಳಲ್ಲಿ 5 ಮೆಟ್ಟಿಲು. ಭಾರವಿದ್ದಾಗ ಅದನ್ನು ಏರಿಸಬೇಕು. ಇದರಿಂದ ಸ್ಪ್ರಿಂಗೇ ಗಡುಸಾಗುವುದೆಂದು ಹಲವರ ಭಾವನೆ. ಹಾಗಲ್ಲ, ಅದು ಮೊದಲೇ ಒತ್ತಲ್ಪಟ್ಟಿರುವುದರಿಂದ ಭಾರಕ್ಕೆ ಕಡಿಮೆ ಕುಸಿಯುತ್ತದೆ, ಅಷ್ಟೆ. ಎಡಬಲಗಳ ಮೆಟ್ಟಿಲು ಒಂದೇ ಇರತಕ್ಕದ್ದು; ಇಲ್ಲದಿದ್ದರೆ ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೇರುವ ತಿರುವುಗಳಲ್ಲಿ ಗಾಡಿ ನಂಬಿದಂತೆ ನಡೆಯದು. ಒಬ್ಬರೇ ಹೊರಟಾಗ ಮತ್ತೆ ಇಳಿಸಬೇಕು (ಮರೆಯುವುದು ಇದನ್ನೇ!), ಇಲ್ಲವಾದರೆ ಹಿಂದಿನ ಚಕ್ರ ಕುಪ್ಪಳಿಸೀತು. ಎಣ್ಣೆ ಸೋರುವ ಶಾಕಿಗೆ ಮಾತ್ರ ಈ ಉಪಾಯ ಸಲ್ಲದು. ಅದನ್ನು ಬದಲಿಸಿಯೇ ತೀರಬೇಕು.