ಇಂಜಕ್ಷನ್ನೋ, ಬಲೂನೋ?

ಎದೆನೋವು ಬಂದರೆ "ಗ್ಯಾಸು ಕಣ್ರೀ" ಅಂತ ಸೋಡಾ ಕುಡಿದು ಗಲ್ಲಾದ ಮುಂದೆ ಕೂರುವವರೇ ಹೆಚ್ಚು. ಹೃದಯಾಘಾತವಾದರೆ ಇರೋದು ಎರಡೇ ದಾರಿ: ಹೆಪ್ಪು ಕರಗಿಸುವ ಇಂಜಕ್ಷನ್, ಇಲ್ಲವೇ ಬಲೂನಿನಿಂದ ನಾಳ ಬಿಡಿಸುವ ಆಂಜಿಯೋಪ್ಲಾಸ್ಟಿ. ಯಾವುದು ಮೇಲು?

ಡೆನ್ಮಾರ್ಕಿನಲ್ಲಿ 1572 ರೋಗಿಗಳನ್ನು ಹೋಲಿಸಿದರು. ಸುಮಾರು 8 ವರ್ಷದ ಮೇಲೂ ಬಲೂನಿನದೇ ಮೇಲುಗೈ, ಮರು ಆಘಾತ ಕಡಿಮೆ. ಫ್ರಾನ್ಸಿನ 2005ರ ರೋಗಿಗಳ ಲೆಕ್ಕವೇ ಬೇರೆ: 5 ವರ್ಷ ಬದುಕಿದವರು ಇಂಜಕ್ಷನ್ ಪಡೆದವರಲ್ಲಿ ನೂರಕ್ಕೆ 88, ಬಲೂನಿನವರಲ್ಲಿ 83. ಗುಟ್ಟೇನು? ಇಂಜಕ್ಷನ್ ಬೇಗ ಬಿತ್ತು, ಬಹುತೇಕರಿಗೆ ಆಮೇಲೆ ನಾಳದ ತಪಾಸಣೆಯೂ ಆಯ್ತು. ಎರಡೂ ಸಿಗದವರು ಬಹಳ ಹಿಂದೆ ಬಿದ್ದರು.

ಬಲೂನು ಎರಡು ಗಂಟೆಯೊಳಗೆ ಸಿಕ್ಕರೆ ಅದೇ ಸರಿ. ದೂರದ ಊರಿನವರಿಗೆ ಮೊದಲು ಇಂಜಕ್ಷನ್, ಆಮೇಲೆ ದೊಡ್ಡಾಸ್ಪತ್ರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಡಲೆಂದೇ ಬಂದದ್ದು. ಔಷಧಿ ಅಲ್ಲಿದ್ದರೂ ರೋಗಿ ಸೋಡಾ ಅಂಗಡಿಯಲ್ಲೇ ಕೂತರೆ ಫಲವೇನು? 108ಕ್ಕೆ ಫೋನು ಮೊದಲು, ಸೋಡಾ ಆಮೇಲೆ.