ಕಣಜದ ಗೂಡಿನ ರಾಣಿ

ತುಕ್ಕಾನಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ, ತೊಟ್ಟಿಲು ಕಟ್ಟಿದ ಜಂತಿಯ ಪಕ್ಕದ ಜಂತಿಗೆ, ಈ ವರ್ಷ ಕಣಜಗಳು ಗೂಡು ಕಟ್ಟಿವೆ. ಕೆಲವು ಸೀಮೆಗಳಲ್ಲಿ ಇದನ್ನು ಕಡಜವೆನ್ನುವರು. ಅಮರಸಿಂಹನು ತನ್ನ ಕೋಶದಲ್ಲಿ ವರಟಾ ಎಂದು ಹೆಸರಿಸಿರುವನು. ನಮ್ಮ ಮೊಮ್ಮಗನ ಕಿವಿಯ ಹಿಂದೆ ಒಂದು ಕಣಜವು ಕುಟುಕಿದ ದಿನವೇ ಹಿರಿಯ ಸೊಸೆಯು ಕೋಲಿಗೆ ಅರಿವೆ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಗೂಡು ಸುಡಲು ನಿಂತಳು. ಎರಡು ದಿವಸ ತಾಳಮ್ಮಾ ಎಂದು ನಾವು ಬೇಡಿಕೊಂಡೆವು. ಆ ಎರಡು ದಿವಸಗಳು ಈಗ ಎರಡು ತಿಂಗಳುಗಳಾಗಿವೆ.

ಗೂಡು ನೋಡಲು ಬೂದುಬಣ್ಣದ ಕಾಗದದಂತಿದೆ. ನಾರನ್ನು ಜಗಿದು ಜೊಲ್ಲಿನಲ್ಲಿ ಕಲಸಿ ಮಾಡಿದ್ದಾದುದರಿಂದ ಅದು ನಿಜವಾಗಿಯೂ ಕಾಗದವೇ. ಊರಿನ ಕೃಷಿ ವಿಜ್ಞಾನ ಕೇಂದ್ರದ ಕಡೆಗೆ ಆಗಾಗ ಹೋಗಿ ಬರುವ ನಮ್ಮ ತಮ್ಮನ ಮಗನು ಚಿತ್ರಗಳೊಡನೆ ಹೋಲಿಸಿ, ಇದು ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಜಾತಿಯೆಂದು ಹೇಳಿದನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರರೂ ಅವರ ಶಿಷ್ಯರೂ ಹಲವು ದಶಕಗಳ ಕಾಲ ಅಭ್ಯಸಿಸಿದ್ದು ಈ ಜಾತಿಯನ್ನೇ. ಅದರ ಮೇಲೆ ಅವರು ೨೦೦೧ರಲ್ಲಿ ಒಂದು ದೊಡ್ಡ ಗ್ರಂಥವನ್ನೂ ಪ್ರಕಟಿಸಿದರು.

ಗೂಡಿನಲ್ಲಿ ತತ್ತಿ ಇಡುವವಳು ಒಬ್ಬಳೇ. ಅವಳಾರೆಂದು ಕಂಡುಹಿಡಿಯಲು ನಾವು ಆರಾಮಕುರ್ಚಿಯಲ್ಲಿ ಕುಳಿತು ಎಷ್ಟೋ ಮಧ್ಯಾಹ್ನಗಳನ್ನು ಕಳೆದೆವು. ಗಾತ್ರದಲ್ಲಿ ಭೇದವಿಲ್ಲ, ಬಣ್ಣದಲ್ಲಿ ಭೇದವಿಲ್ಲ. ಕೊನೆಗೆ, ಉಳಿದವರ ಮೇಲೇರಿ ಕಚ್ಚಾಡುತ್ತಿದ್ದ ಒಬ್ಬಳನ್ನು ತೋರಿಸಿ, ಇವಳೇ ಪಟ್ಟಮಹಿಷಿಯೆಂದು ಮನೆಯವರೆದುರಿಗೆ ಘೋಷಿಸಿದೆವು. ಅದು ಶುದ್ಧ ತಪ್ಪು. ಈ ಜಾತಿಯ ರಾಣಿಯು ಪರಮ ಸಾಧ್ವಿ. ಯಾರನ್ನೂ ಗದರಿಸಳು, ಯಾರೊಡನೆಯೂ ಕಾದಾಡಳು. ಸೈರಂಧ್ರಿಯ ವೇಷದಲ್ಲಿದ್ದ ದ್ರೌಪದಿಯಂತೆ ದಾಸಿಯರ ನಡುವೆ ಗುರುತಿಲ್ಲದೆ ಇರುವಳು. ಇದೇ ಕುಲದ ಸಯಾಥಿಫಾರ್ಮಿಸ್ ಎಂಬ ಇನ್ನೊಂದು ಜಾತಿಯಲ್ಲಿ ಮಾತ್ರ ರಾಣಿಯು ಜಗಳಗಂಟಿ.

ಬಯ್ಯದೆ ಬಡಿಯದೆ ಉಳಿದವರನ್ನು ತಾಯ್ತನದಿಂದ ದೂರವಿಡುವದು ಹೇಗೆ? ಕೆಲಸದವರು ಬಂಜೆಯರೆಂದು ತಿಳಿಯಬೇಡಿರಿ. ಹುಟ್ಟಿದೊಡನೆ ಒಬ್ಬೊಬ್ಬಳನ್ನೇ ಬೇರೆ ಪಂಜರದಲ್ಲಿಟ್ಟು ಸಾಕಿದರೆ, ಸುಮಾರು ಅರ್ಧದಷ್ಟು ಮಂದಿ ತಾವೇ ಗೂಡು ಕಟ್ಟಿ ತತ್ತಿ ಇಡುವರೆಂದು ಬೆಂಗಳೂರಿನವರು ಕಂಡಿರುವರು. ಗೂಡಿನಿಂದ ರಾಣಿಯನ್ನು ತೆಗೆದರಂತೂ ಅರ್ಧ ಗಂಟೆಯೊಳಗಾಗಿ ಕೆಲಸದವರಲ್ಲಿ ಒಬ್ಬಳು ಚಂಡಿಕೆಯಾಗುವಳು. ಎಲ್ಲರನ್ನೂ ಕಚ್ಚುವಳು, ನೂಕುವಳು. ವಾರವೊಂದು ಕಳೆಯುವದರೊಳಗೆ ಅವಳ ಅಂಡಾಶಯವು ಬೆಳೆದು ತತ್ತಿ ಇಡತೊಡಗುವಳು. ತರುವಾಯ ಅವಳೂ ಸಾಧ್ವಿಯೇ.

ರಾಣಿಯ ಬಲವಿರುವದು ಅವಳ ಹೊಟ್ಟೆಯ ತುದಿಯಲ್ಲಿರುವ ಡ್ಯುಫೋರ್ ಗ್ರಂಥಿಯೆಂಬ ಸಣ್ಣ ಚೀಲದಲ್ಲಿ. ಅವಳು ನಡೆಯುತ್ತ ಗೂಡಿನ ಮೈಗೆ ಹೊಟ್ಟೆಯನ್ನು ಉಜ್ಜುವಳು. ಆ ರಸವು ಗೂಡಿಗೆ ಲೇಪವಾಗುವದು. ಅದು ಊದಿನಕಡ್ಡಿಯ ಹೊಗೆಯಂತೆ ಗಾಳಿಯಲ್ಲಿ ಹಾರುವಂಥದಲ್ಲ, ಮುಟ್ಟಿ ತಿಳಿಯುವಂಥದು. ರಾಣಿಯಿಲ್ಲದ ಗೂಡಿಗೆ ಆ ರಸವನ್ನಷ್ಟೇ ಸವರಿದಾಗ ಚಂಡಿಕೆಯ ಆರ್ಭಟವು ತಗ್ಗಿತಂತೆ.

ಜೇನಿನಲ್ಲಿಯೂ ಇಂಥದೊಂದಿದೆ. ಪ್ರಶ್ನೋಪನಿಷತ್ತಿನ ಎರಡನೆಯ ಪ್ರಶ್ನೆಯಲ್ಲಿ ಜೇನುಗಳ ಒಡೆಯನಿಗೆ ಮಧುಕರರಾಜನೆಂಬ ಪುಲ್ಲಿಂಗದ ಹೆಸರಿದೆ. ಮನೆಗೆ ಬರುವ ಹುಡುಗರಿಗೆ ಅದನ್ನು ಎಷ್ಟೋ ಸಲ ವಿವರಿಸಿದ ನಾವು, ಆ ರಾಜನು ಹೆಣ್ಣೆಂದು ಒಮ್ಮೆಯೂ ಹೇಳಲಿಲ್ಲ! ಯುರೋಪಿನವರೂ ಬಹುಕಾಲ ಹಾಗೆಯೇ ನಂಬಿದ್ದರು. ೧೭ನೆಯ ಶತಮಾನದಲ್ಲಿ ಹಾಲಂಡಿನ ಸ್ವಾಮ್ಮರ್‌ಡಾಮನು ಸೂಕ್ಷ್ಮದರ್ಶಕದ ಕೆಳಗೆ ಅಂಡಾಶಯವನ್ನು ನೋಡಿದನು. ೧೯೫೪ರಲ್ಲಿ ಇಂಗ್ಲೆಂಡಿನ ಕಾಲಿನ್ ಬಟ್ಲರನು ಜೇನುರಾಣಿಯ ಮೈಯಿಂದ ಕೆಲಸದವರಿಗೆ ಹಬ್ಬುವ ವಸ್ತುವಿಗೆ ರಾಣಿದ್ರವ್ಯವೆಂದು ಹೆಸರಿಟ್ಟನು. ಅದು ನಿಂತರೆ ಕೆಲಸದ ಜೇನುಗಳು ತತ್ತಿ ಇಡತೊಡಗುವವು. ಆದರೆ ಆ ತತ್ತಿಗಳಿಂದ ಗಂಡುನೊಣಗಳೇ ಹುಟ್ಟುವದರಿಂದ, ಹೊಸ ರಾಣಿ ದೊರೆಯದಿದ್ದರೆ ಸಂಸಾರವು ಕ್ಷಯಿಸುವದು. ರಾಣಿಯಿದ್ದಾಗಲೂ ಯಾವಳಾದರೂ ಕದ್ದು ತತ್ತಿ ಇಟ್ಟರೆ ಜೊತೆಯವರೇ ಅದನ್ನು ತಿಂದುಬಿಡುವರೆಂದು ೧೯೮೯ರಲ್ಲಿ ಸ್ಪಷ್ಟವಾಯಿತು.

ಹಾಗಾದರೆ ಈ ದ್ರವ್ಯವು ಸಂಕೋಲೆಯೋ, ವಾರ್ತೆಯೋ? ಕೆಲ್ಲರ್ ಮತ್ತು ನೋನಾಕ್ಸ್ ಎಂಬ ಪಂಡಿತರು ೧೯೯೩ರಲ್ಲಿ ಈ ಪ್ರಶ್ನೆಯನ್ನೆತ್ತಿ, ವಾರ್ತೆಯೆಂಬ ಪಕ್ಷವನ್ನು ಹಿಡಿದರು. ನಾನಿದ್ದೇನೆ, ನನಗೆ ತತ್ತಿ ಇಡುವ ಶಕ್ತಿಯಿದೆ ಎಂದು ರಾಣಿಯು ತಿಳಿಸುವಳು. ಅವಳ ಮಕ್ಕಳು ತಮ್ಮ ರಕ್ತಸಂಬಂಧಿಗಳೇ ಆದುದರಿಂದ ದುಡಿಯುವದರಲ್ಲಿ ಕೆಲಸದವರಿಗೂ ಲಾಭವಿದೆ. ನಮಗೂ ಇದೇ ಯುಕ್ತವಾಗಿ ತೋರುವದು. ಅಷ್ಟೊಂದು ಕೊಂಡಿಗಳನ್ನು ಒಂದು ಹನಿ ರಸವು ಬಲಾತ್ಕಾರದಿಂದ ಬಹುಕಾಲ ಅಡಗಿಸಿಡುವದೆಂದರೆ ನಂಬುವದು ಕಷ್ಟ.

ನಮ್ಮನ್ನು ಬಹಳ ದಿನ ಬಿಡದೆ ಕಾಡಿದ ಸಂಗತಿ ಬೇರೊಂದು. ೨೦೦೮ರಲ್ಲಿ ಅನಿಂದಿತಾ ಭದ್ರ ಮತ್ತು ಗದಗಕರರು ಪ್ರಕಟಿಸಿದ ಪ್ರಯೋಗವದು. ಗೂಡನ್ನು ಎರಡು ಹೋಳು ಮಾಡಿ ನಡುವೆ ತಂತಿಯ ಜಾಳಿಗೆಯನ್ನಿಟ್ಟರು. ರಾಣಿಯು ಒಂದೇ ಕಡೆಗೆ. ರಾಣಿಯಿಲ್ಲದ ಕಡೆಯಲ್ಲಿ ಒಬ್ಬಳು ತಲೆಯೆತ್ತಿದಳು. ಬಳಿಕ ರಾಣಿಯನ್ನು ಆಚೆಯಿಂದೀಚೆಗೆ ಬದಲಿಸಿ, ಪರಿಪರಿಯಾಗಿ ಪರೀಕ್ಷಿಸಿದರು. ಉತ್ತರಾಧಿಕಾರಿಣಿಯು ಮೊದಲೇ ಗೊತ್ತಾಗಿರುವಳೆಂದೂ, ನಿಜವಾದವಳು ಯಾವ ಹೋಳಿಗೆ ಬಂದರೂ ಎಲ್ಲರೂ ತಕರಾರಿಲ್ಲದೆ ಒಪ್ಪುವರೆಂದೂ ತಿಳಿದುಬಂದಿತು. ರಾಣಿಯಿರುವವರೆಗೆ ಅವಳಾರೆಂದು ಪಂಡಿತರಿಗೆ ಕಾಣದು, ಕಣಜಗಳಿಗೆ ಗೊತ್ತು.

ಇದನ್ನು ಓದಿದಾಗ ನಮಗೆ ಗೋಡೆಯ ಮಾಡದಲ್ಲಿರುವ ಕೀಲಿಕೈಗೊಂಚಲು ನೆನಪಾಯಿತು. ನಮ್ಮ ಮನೆಯಾಕೆ ತೀರಿಕೊಂಡು ಹದಿನಾಲ್ಕು ತಿಂಗಳಾದವು. ಗೊಂಚಲನ್ನು ಯಾರ ಕೈಗೆ ಕೊಡಬೇಕೆಂದು ನಾವು ನಿಶ್ಚಯಿಸಲಾರದೆ ಅಲ್ಲಿಯೇ ಇಟ್ಟಿದ್ದೆವು. ಆ ಮೊದಲ ತಿಂಗಳು ಅಡಿಗೆಯ ಮನೆಯಿಂದ ಕೇಳಿಬರುತ್ತಿದ್ದ ಪಾತ್ರೆಗಳ ಸಪ್ಪಳವನ್ನು ಇಲ್ಲಿ ಬರೆಯುವದು ಬೇಡ. ಈಗ ಸದ್ದಿಲ್ಲ. ಮೊನ್ನೆ ನೋಡಿದರೆ ಗೊಂಚಲು ಕಿರಿಯ ಸೊಸೆಯ ಸೊಂಟದಲ್ಲಿತ್ತು. ಯಾವಾಗ ಹೋಯಿತು, ಯಾರು ಕೊಟ್ಟರು ಎಂದು ಹಿರಿಯವಳನ್ನು ಕೇಳಿದೆವು.

“ದೀಪಾವಳಿಗೇ ನಾನೇ ಕೊಟ್ಟೆನಲ್ಲ, ಮಾವನವರೇ, ನಿಮಗೆ ಗೊತ್ತಿರಲಿಲ್ಲವೇ?” ಎಂದು ಅವಳು ನಕ್ಕು, ಮಗುವಿನ ತೊಟ್ಟಿಲನ್ನು ಜಂತಿಯಿಂದ ಬಿಚ್ಚಿ ಒಳಕೋಣೆಗೆ ಒಯ್ದಳು. ಎಣ್ಣೆಯ ಕೋಲು ಇನ್ನೂ ಬಾಗಿಲ ಮರೆಯಲ್ಲಿಯೇ ಇದೆ.