ಕೇರಿಯ ಹೆಸರಿನೊಳಗೊಂದು ನಗರ

ಹೊನ್ನಾವರದ ಕಡೆಯ ನಂಟರಿಗೆ ಮಂಗಳಪತ್ರ ಕಳುಹಿಸುವಾಗಲೆಲ್ಲ ನಮ್ಮ ಮನೆಯಲ್ಲಿ ಒಂದು ಚರ್ಚೆ ಏಳುತ್ತದೆ. ಮನೆಯ ಹೆಸರು, ಕೇರಿ, ಗ್ರಾಮ, ಅಂಚೆ, ತಾಲ್ಲೂಕು ಇಷ್ಟನ್ನೂ ಬರೆದರೆ ಲಕೋಟೆಯ ಮೇಲೆ ಅಂಚೆಚೀಟಿಗೆ ಜಾಗ ಉಳಿಯುವುದಿಲ್ಲ. “ಪಿನ್‌ಕೋಡ್ ಇದೆಯಲ್ಲ, ಕೇರಿಯನ್ನು ಬಿಟ್ಟುಬಿಡಿ ಅಪ್ಪ” ಎನ್ನುತ್ತಾನೆ ಮಗ. ಬಿಡಲು ನನಗೆ ಮನಸ್ಸು ಬಾರದು.

ಬಯಲುಸೀಮೆಯವರಿಗೆ ಊರೆಂದರೆ ಒತ್ತಾಗಿ ಕೂಡಿದ ಮನೆಗಳು, ಸುತ್ತಲೂ ಹೊಲ. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಹಾಗಲ್ಲ. ಬೆಟ್ಟದ ಬುಡದಲ್ಲಿ ಅಡಕೆ ತೋಟಕ್ಕೆ ಅಂಟಿಕೊಂಡು ನಾಲ್ಕು ಮನೆ, ಗದ್ದೆಯಂಚಿನಲ್ಲಿ ಹತ್ತು, ಹೊಳೆಯ ದಂಡೆಯಲ್ಲಿ ಇನ್ನಷ್ಟು. ಕಂದಾಯದ ಲೆಕ್ಕಕ್ಕೆ ಇವೆಲ್ಲ ಸೇರಿ ಒಂದೇ ಗ್ರಾಮ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿಯೂ ಒಂದು ಚರ್ಚಿನ ಪ್ಯಾರಿಷಿನೊಳಗೆ ಹಲವು ಪುಟ್ಟ ಊರುಗಳು ಅಡಗಿರುವುದುಂಟು. ಅಲ್ಲಿಯವರು ಅವುಗಳ ಚರಿತ್ರೆಯನ್ನು ಸಂಪುಟಗಟ್ಟಲೆ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಆ ಕೆಲಸದ ಬಹುಪಾಲನ್ನು ಹೆಸರುಗಳೇ ಹೊತ್ತುಕೊಂಡಿವೆ.

ಶರಾವತಿಯ ಗುಂಟ ಹೊನ್ನಾವರದಿಂದ ಮೇಲಕ್ಕೆ ಹೋದರೆ ಗೇರುಸೊಪ್ಪೆ. ಅದರ ಮಗ್ಗುಲಲ್ಲೇ ನಗರಬಸ್ತಿಕೇರಿ. ಈ ಹೆಸರನ್ನು ಬಿಡಿಸಿ ನೋಡಿ. ಮೊದಲು ನಗರ. 16ನೆಯ ಶತಮಾನದಲ್ಲಿ ಚೆನ್ನಭೈರಾದೇವಿ ಆಳಿದ ರಾಜಧಾನಿ ಇದು. ಘಟ್ಟದ ಮೆಣಸು ಇಲ್ಲಿಗಿಳಿದು, ದೋಣಿಯೇರಿ ಕಡಲಿಗೆ ಸಾಗುತ್ತಿತ್ತು. ಪೋರ್ಚುಗೀಸರು ಈಕೆಯನ್ನು ಮೆಣಸಿನ ರಾಣಿಯೆಂದೇ ಕರೆದರು. 17ನೆಯ ಶತಮಾನದ ಆರಂಭದಲ್ಲಿ ರಾಜ್ಯವು ಕೆಳದಿಯವರ ವಶವಾಯಿತು. 1623ರಲ್ಲಿ ಇಕ್ಕೇರಿಗೆ ಹೊರಟು ಈ ದಾರಿಯಾಗಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಕಂಡದ್ದು ಕಾಡು ಬೆಳೆದ ಹಾಳೂರನ್ನು. ಒಂದು ತಲೆಮಾರಿನೊಳಗೆ ಅರಮನೆಯ ಮೇಲೆ ಮರ ಹುಟ್ಟಿತೆಂದರೆ ಘಟ್ಟದ ಮಳೆಯ ಕೈವಾಡವನ್ನು ಊಹಿಸಬಹುದು! ಕಲ್ಲಿನ ಚತುರ್ಮುಖ ಬಸದಿಯೊಂದು ನಿಂತಿತು. ಅದೇ ಹೆಸರಿನ ಬಸ್ತಿ. ಕೊನೆಗೆ ಕೇರಿ. ರಾಜಧಾನಿಯೊಂದು ಕೇರಿಯಾದ ಕಥೆ ಒಂದೇ ಪದದಲ್ಲಿದೆ.

ಕುಮಟಾದ ಕಥೆ ಬೇರೆ. ಧಾರವಾಡದ ಕಡೆ ಬೆಳೆದ ಹತ್ತಿ ಘಟ್ಟವಿಳಿದು ಇಲ್ಲಿ ಹಡಗೇರುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇದಕ್ಕೆ ಬೇಡಿಕೆ ಹೆಚ್ಚಿತು. ಬೆಳೆದ ನೆಲವನ್ನು ಬಿಟ್ಟು ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿಯೆಂದೇ ಕರೆದರು. ಮುಂದೆ ರೈಲು ಬಂದು ಸರಕನ್ನು ಬೇರೆ ಬಂದರಿಗೆ ಒಯ್ದಿತು.

ಸರಕಾರದ ಗೆರೆಗಳಂತೂ ನಿಂತಲ್ಲಿ ನಿಂತವಲ್ಲ. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ವಿಜಯನಗರಕ್ಕೆ ಅರಬೀ ಕುದುರೆಗಳನ್ನು ಇಳಿಸಿಕೊಟ್ಟ ಭಟ್ಕಳವನ್ನು ಬ್ರಿಟಿಷರು ಹೊನ್ನಾವರ ತಾಲ್ಲೂಕಿನ ಕೆಳಗೆ ಒಂದು ಪೇಟಾ ಮಾಡಿಟ್ಟಿದ್ದರು. ಈಗ ಅದೇ ತಾಲ್ಲೂಕು. ಇಷ್ಟೆಲ್ಲ ಅದಲುಬದಲಾದರೂ ಕೇರಿಗಳನ್ನು ಯಾರೂ ಮುಟ್ಟಲಿಲ್ಲ. ಅವು ಯಾರ ಕಣ್ಣಿಗೂ ಬೀಳದಷ್ಟು ಚಿಕ್ಕವು. ಈಗ ಅದೇ ಕಾರಣಕ್ಕೆ ಕಳೆದುಹೋಗುತ್ತಿವೆ. ಕಳೆದ ಬಾರಿ ಹೋದಾಗ ನಂಟರ ಮೊಮ್ಮಗನನ್ನು ಅವರ ಕೇರಿಯ ಹೆಸರು ಕೇಳಿದೆ. ಮೊಬೈಲಿನ ನಕ್ಷೆಯನ್ನು ತೆರೆದು ಮುಂದೆ ಹಿಡಿದ. ಅದರಲ್ಲಿ ಹೆದ್ದಾರಿಯಿತ್ತು, ಪೆಟ್ರೋಲ್ ಬಂಕಿತ್ತು, ಕೇರಿ ಇರಲಿಲ್ಲ. ಒಳಗಿನಿಂದ ಅಜ್ಜಿ ಕೂಗಿ ಹೇಳಿದರು.

ಈ ಸಲದ ಮಂಗಳಪತ್ರಕ್ಕೆ ಸ್ವಲ್ಪ ಅಗಲದ ಲಕೋಟೆಯನ್ನೇ ತಂದಿದ್ದೇನೆ.